ನಮ್ಮನೆಯ ನವ್ವು

ನಾನು ಕನ್ನಡದ ಟೀಚರು. ಹುಟ್ಟಿದ್ದು ನಾಗಮಂಗಲದ ಕಡೆ, ಕೆಲಸ ಸಿಕ್ಕಿದ್ದು ಚಿಂತಾಮಣಿ ತಾಲ್ಲೂಕಿನಲ್ಲಿ, ಮದುವೆಯಾಗಿ ಬಂದದ್ದು ಮುರುಗಮಲ್ಲದ ಪಕ್ಕದ ಹಳ್ಳಿಗೆ. ಇಲ್ಲಿ ಬೋರ್ಡುಗಳೆಲ್ಲ ಕನ್ನಡ, ಮನೆಮಾತೆಲ್ಲ ತೆಲುಗು. ನನ್ನ ತರಗತಿಯ ಮಕ್ಕಳು ಕನ್ನಡದಲ್ಲಿ ಬರೆಯುತ್ತವೆ, ತೆಲುಗಿನಲ್ಲಿ ಜಗಳವಾಡುತ್ತವೆ. ಎರಡು ಭಾಷೆ ಕಲಸಿದರೆ ನನಗೆ ಮೈ ಉರಿಯುತ್ತದೆ. ಕೆಂಪು ಪೆನ್ನು ಹಿಡಿದೇ ಹುಟ್ಟಿದವಳು ಎಂದು ನನ್ನ ಗಂಡ ಮೋಹನ್‌ಬಾಬು ಆಡಿಕೊಳ್ಳುತ್ತಿದ್ದ. ಅಂಥವಳ ಸಂಸಾರ ನಿಂತದ್ದು ಮಾತ್ರ ಒಂದು ಕಲಬೆರಕೆ ಮಾತಿನ ಮೇಲೆ.

ಮದುವೆಯಾದ ಹೊಸದು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು, ಧಾರೆಯ ಹೊತ್ತಿನಲ್ಲಿ ಮೋಹನ್ ಪಂಚೆ ಎಡವಿ ಪುರೋಹಿತರ ಮೇಲೆ ಬಿದ್ದದ್ದನ್ನು ನೆನೆಸಿಕೊಂಡು ನಗುತ್ತಿದ್ದೆ. ಅತ್ತೆ ವೆಂಕಟರತ್ನಮ್ಮ ಬಾಗಿಲಿಗೆ ಬಂದು ನಿಂತು, "ಏಮ್ಮಾ, ನವ್ವಾ?" ಎಂದರು. ತೆಲುಗಿನಲ್ಲಿ ನವ್ವು ಎಂದರೆ ನಗು. ನನಗೆ ಆಗ ತೆಲುಗಿನ ಗಂಧಗಾಳಿ ಇರಲಿಲ್ಲ. ನನ್ನ ಕಿವಿಗೆ ಬಿದ್ದದ್ದು "ನೋವಾ?" ಎಂದು. ನೋವು ಎಂದರೆ ಹೊಸ ಸೊಸೆಯನ್ನು ಒಂದು ಗಳಿಗೆ ಮಲಗಲು ಬಿಡುತ್ತಾರೇನೋ ಎಂಬ ಆಸೆಗೆ, "ಹ್ಞೂ ಅತ್ತೆ, ಹೊಟ್ಟೇಲಿ" ಎಂದು ಹೊಟ್ಟೆ ಹಿಡಿದುಕೊಂಡೆ.

ಅತ್ತೆ ಕಣ್ಣು ಪಿಳಿಪಿಳಿ ಬಿಟ್ಟರು. ಹೊಟ್ಟೆಯಲ್ಲಿ ನಗುವುದು ಹೇಗೆ ಎಂದು ಅವರಿಗೆ ತಿಳಿಯಲಿಲ್ಲ. ಆದರೆ ಹೊಟ್ಟೆ ಹಿಡಿದುಕೊಂಡದ್ದು ಯಾವ ಭಾಷೆಯವರಿಗೂ ಅರ್ಥವಾಗುತ್ತದೆ. ಓಂಕಾಳು ಕುದಿಸಿ ಗಂಟಲು ಸುಡುವಂಥ ಕಷಾಯ ಮಾಡಿ ತಂದು, ಎದುರಿಗೆ ಕೂತು ಕುಡಿಸಿದರು. ಮಾರನೆಯ ದಿನವೂ ಬಿಡಲಿಲ್ಲ. ಸಂಜೆ ಅಂಗಡಿಯಿಂದ ಬಂದ ಮೋಹನ್ ನಮ್ಮಿಬ್ಬರ ದೂರನ್ನೂ ಬೇರೆ ಬೇರೆ ಕೇಳಿ, ಎಡವಟ್ಟು ಎಲ್ಲಾಗಿದೆ ಎಂದು ಗೊತ್ತಾಗಿ, ನಡುಮನೆಯಲ್ಲಿ ಬಿದ್ದು ಉರುಳಾಡಿ ನಕ್ಕ. ನಾನು ಮುಖ ಊದಿಸಿಕೊಂಡು ಕೂತೆ. ಆಮೇಲೆ ನನಗೂ ತಡೆಯಲಾಗಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ನೋವಿಗೆ ನವ್ವು ಎಂದೇ ಹೆಸರು. ಹೊಸ್ತಿಲು ಎಡವಿದರೆ ಕಾಲಿಗೆ ನವ್ವಾಯಿತು. ದವಡೆ ಊದಿಕೊಂಡರೆ ಹಲ್ಲುನವ್ವು. ಅತ್ತೆ ಚಿಂತಾಮಣಿಯ ಡಾಕ್ಟರ ಮುಂದೆ ಕೂತು, "ಮೊಣಕಾಲಲ್ಲಿ ಒಂದೇ ಸಮ ನವ್ವು ಸಾರ್" ಎಂದಾಗ ಅವರು ಕನ್ನಡಕ ತೆಗೆದು ನನ್ನ ಮುಖ ನೋಡಿದ್ದರು. ನಮಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಊರು ಬೇಕಾದಷ್ಟು ಮಾತಾಡಿದೆ, ನಾನು ಸೇರಿಸುವುದೇನೂ ಇಲ್ಲ. ಆ ದಿನಗಳಲ್ಲೂ ಅತ್ತೆ ಕೇಳಿದ್ದು ಅದೊಂದೇ, "ನವ್ವಾ ಅಮ್ಮಾ?" ಎಂದು. ನಾನು "ಸ್ವಲ್ಪ" ಎನ್ನುತ್ತಿದ್ದೆ. ಅವರು ನನ್ನ ತಲೆಗೆ ಹಚ್ಚಲು ಎಣ್ಣೆ ತರುತ್ತಿದ್ದರು.

ಹೋದ ವರ್ಷ ದಸರಾ ಕಳೆದ ಮೇಲೆ ಮೋಹನ್‌ಗೆ ಊಟ ಸೇರದಾಯಿತು. ಮುರುಗಮಲ್ಲದ ಬಸ್‌ಸ್ಟ್ಯಾಂಡಿನ ಹತ್ತಿರ ಅವನದು ಡ್ರಿಪ್ ಪೈಪಿನ ಅಂಗಡಿ. ಪೈಪು ಕೊಳ್ಳಲು ಬಂದವರಿಗಿಂತ ಅವನ ಮಾತು ಕೇಳಲು ಬಂದವರೇ ಹೆಚ್ಚು ಇರುತ್ತಿದ್ದರು. ಗ್ಯಾಸ್ಟ್ರಿಕ್ ಎಂದುಕೊಂಡು ಸೋಡಾ ಕುಡಿದ, ದೃಷ್ಟಿ ಎಂದು ಅತ್ತೆ ಮೆಣಸಿನಕಾಯಿ ನೀವಾಳಿಸಿದರು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವ ಹೊತ್ತಿಗೆ ಕ್ಯಾನ್ಸರ್ ಹೊಟ್ಟೆ ದಾಟಿ ಬೆನ್ನುಮೂಳೆಗೆ ಹೋಗಿತ್ತು. "ಮನೆಗೆ ಕರಕೊಂಡು ಹೋಗಿ, ಏನಿಷ್ಟಾನೋ ಅದು ಮಾಡಿಕೊಡಿ" ಎಂದರು ಡಾಕ್ಟರು. ಏನನ್ನೂ ನುಂಗಲಾಗದವನಿಗೆ ಏನು ಮಾಡಿಕೊಡಬೇಕು ಎಂದು ಕೇಳಬೇಕೆನಿಸಿತು. ಕೇಳಿದರೆ ಪ್ರಯೋಜನವಿರಲಿಲ್ಲ. ಅವನಿಗಿನ್ನೂ ತಲೆಯಲ್ಲಿ ಬಿಳಿಕೂದಲು ಬಂದಿರಲಿಲ್ಲ.

ಆಮೇಲೆ ಶುರುವಾಯಿತು ನೆಂಟರ ಉಪದೇಶ. ಅತ್ತೆಯ ತಮ್ಮ ನರಸಿಂಹಪ್ಪ ಬಂದು ಸೇಬಿನ ಕವರು ಇಟ್ಟು, "ಪಾಸಿಟಿವ್ ಆಗಿರ್ಬೇಕಪ್ಪ, ಅರ್ಧ ಕಾಯಿಲೆ ಅಲ್ಲೇ ಓಡೋಗ್ತದೆ" ಎಂದರು. ಪಾಸಿಟಿವ್ ಎನ್ನುವುದು ಬೆಳಿಗ್ಗೆ ಒಂದು ರಾತ್ರಿ ಒಂದು ನುಂಗುವ ಗುಳಿಗೆ ಎನ್ನುವ ಹಾಗೆ. ಫೋನಿನಲ್ಲಿ ಬೆಳಗಾದರೆ ಸೂರ್ಯೋದಯದ ಚಿತ್ರಗಳು, ಕಮಲದ ಹೂಗಳು, ನಗುತ್ತಿರಿ ನಗಿಸುತ್ತಿರಿ ಎಂಬ ಸಾಲುಗಳು. ಅದರಲ್ಲೂ ಕಾಗುಣಿತದ ತಪ್ಪು. ನಾನು ಫೋನನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟುಬಿಟ್ಟೆ.

ಚಿಂತಾಮಣಿಯಿಂದ ವಾರಕ್ಕೊಂದು ಸಲ ಶ್ಯಾಮಲಮ್ಮ ಎಂಬ ನರ್ಸು ಸ್ಕೂಟರಿನಲ್ಲಿ ಬರತೊಡಗಿದರು. ಕೊನೆಗಾಲದ ರೋಗಿಗಳನ್ನು ಮನೆಯಲ್ಲೇ ನೋಡಿಕೊಳ್ಳುವ ಒಂದು ಸಂಸ್ಥೆಯವರು. ಅವರ ಚೀಲದಲ್ಲಿ ಒಂದು ರಟ್ಟಿನ ಕಾರ್ಡು. ಅದರ ಮೇಲೆ ಸಾಲಾಗಿ ದುಂಡು ಮುಖಗಳು. ಎಡತುದಿಯದು ನಗುತ್ತಿರುತ್ತದೆ, ಬರುಬರುತ್ತಾ ಸೊಟ್ಟಗಾಗಿ, ಬಲತುದಿಯದು ಕಣ್ಣೀರು ಸುರಿಸುತ್ತಿರುತ್ತದೆ. "ನೋವು ಎಷ್ಟಿದೆ ಅಂತ ಬೆರಳಿಟ್ಟು ತೋರ್ಸಿ ಸಾರ್, ಅದಕ್ಕೆ ತಕ್ಕ ಹಾಗೆ ಮಾತ್ರೆ" ಎಂದರು.

ಮೊದಲ ವಾರ ಮೋಹನ್ ನಿಜ ಹೇಳಿದ. ಮಾತ್ರೆ ಕೊಟ್ಟರು. ಅವನು ಮಲಗಿದ. ನಾನು ಶಾಲೆಗೆ ಹೋಗುವಾಗಲೂ ಮಲಗಿದ್ದ, ಬಂದಾಗಲೂ ಮಲಗಿದ್ದ. ಎದ್ದಾಗ "ಇವತ್ತು ಯಾವ ವಾರ?" ಎಂದು ಕೇಳಿ, ಹೇಳಿದ್ದಕ್ಕೆ ಗಾಬರಿಯಾದ. ಮುಂದಿನ ಗುರುವಾರ ಶ್ಯಾಮಲಮ್ಮ ಕಾರ್ಡು ಹಿಡಿದಾಗ ಅವನ ಬೆರಳು ನೆಟ್ಟಗೆ ಎಡತುದಿಗೆ ಹೋಯಿತು. ನಗುವ ಮುಖ.

"ಅಷ್ಟು ಕಮ್ಮಿ ಆಯ್ತಾ ಸಾರ್?"

"ನಮ್ಮನೇಲಿ ನೋವೇ ಇಲ್ಲ ಸಿಸ್ಟರ್, ಬರೀ ನವ್ವು" ಎಂದ. ಕಾಲ ಬಳಿ ಕೂತಿದ್ದ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಮಾತ್ರೆ ಕಡಿಮೆಯಾಯಿತು.

ಅತ್ತೆ ದಿನವಿಡೀ ಅಲ್ಲೇ, ಮಂಚದ ತುದಿಯಲ್ಲಿ, ಮಗನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದರು. ತಾಯಿಗೂ ಮಗನಿಗೂ ಮುಗಿಯದ ತಮಾಷೆ. ಪಕ್ಕದ ಮನೆಯ ಗಂಗುಲಮ್ಮ ಸೀಮೆಹಸುವಿಗೆ ಬೈಯುವ ರೀತಿ, ಸತ್ತುಹೋದ ಮಾವ ಆವಲಪ್ಪನವರು ಮೊದಲ ಸಲ ಲಿಫ್ಟ್ ಹತ್ತಿ ಹೆದರಿದ್ದು. ಅವನು ನಕ್ಕಾಗಲೆಲ್ಲ ಅತ್ತೆ ತಲೆ ಬಗ್ಗಿಸಿ ಪಾದ ಒತ್ತುತ್ತಿದ್ದರು. ನನಗೆ ಆ ನಗು ಕೇಳಿದರೆ ಪಾತ್ರೆ ಕುಕ್ಕುವ ಹಾಗಾಗುತ್ತಿತ್ತು. ಹೆತ್ತ ಕರುಳು ಎನ್ನುತ್ತಾರಲ್ಲ, ಈಯಮ್ಮನಿಗೆ ಅದನ್ನು ದೇವರು ಇಟ್ಟೇ ಇಲ್ಲವೇ ಎಂದು ಬೈದುಕೊಂಡೆ. ಯಾಕೆಂದರೆ ನಾನು ನೋಡಿದ್ದೆ.

ಒಂದು ಸಂಜೆ ಶಾಲೆಯಿಂದ ಬೇಗ ಬಂದು ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ. ಅತ್ತೆ ಹೊರಗೆ ಹಾಲು ಕರೆಯುತ್ತಿದ್ದರು. ಮೋಹನ್ ಗೋಡೆಯ ಕಡೆ ತಿರುಗಿ, ಟವೆಲ್ಲನ್ನು ಹಲ್ಲಲ್ಲಿ ಕಚ್ಚಿಕೊಂಡು, ಮಂಚದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಬೆನ್ನೆಲ್ಲ ಬೆವರು. ನನ್ನನ್ನು ನೋಡಿದವನೇ ಟವೆಲ್ಲು ತೆಗೆದು ಮುಖ ಒರೆಸಿಕೊಂಡು, "ಬಂದ್ಯಾ ಟೀಚರಮ್ಮ" ಎಂದ.

ನಾನು ಎದುರಿಗೆ ಅವನನ್ನು 'ರೀ' ಎನ್ನುತ್ತಿದ್ದೆ, ಮನಸ್ಸಿನಲ್ಲಿ ಯಾವಾಗಲೂ ಏಕವಚನ. ಅವತ್ತು ಎರಡೂ ಕಲಸಿಹೋಯಿತು. "ನೋವಿದ್ರೆ ಇದೆ ಅಂತ ಬಾಯಿ ಬಿಡೋಕೆ ನಿಮಗೇನ್ರೀ ರೋಗ? ಹೇಳೋ!"

"ಏನು ರೋಗ ಅಂತ ಅದನ್ನೂ ಹೇಳ್ಬೇಕಾ ನಿಂಗೆ?" ಎಂದು ನಕ್ಕ. ನನಗೆ ನಗು ಬರಲಿಲ್ಲ, ಮಂಚದ ಪಕ್ಕ ನೆಲದ ಮೇಲೆ ಕೂತೆ. ಅವನು ಕೈ ಚಾಚಿ ನನ್ನ ತಲೆಯ ಮೇಲೆ ಇಟ್ಟ. ಕೈಗೆ ಭಾರವೇ ಇರಲಿಲ್ಲ.

"ಆ ಮಾತ್ರೆ ತಗೊಂಡ್ರೆ ನಿದ್ದೆ ಕಣೇ. ಒಂದು ವಾರ ಪೂರ್ತಿ ಹೋಯ್ತು, ನೀನು ಬಂದಿದ್ದು ಹೋಗಿದ್ದು ಒಂದೂ ಕಾಣ್ಲಿಲ್ಲ. ಇರೋದೇ ಒಂಚೂರು. ಅದನ್ನ ಗೊರಕೆ ಹೊಡ್ಕೊಂಡು ಕಳೀಲಾ? ನೋವಾದ್ರೆ ಆಗ್ಲಿ, ಎಚ್ಚರ ಇರ್ತೀನಿ. ಎಚ್ಚರ ಇದ್ದಷ್ಟು ಹೊತ್ತು ನಕ್ಕೊಂಡಿರ್ತೀನಿ. ಅಮ್ಮಂಗೆ ಮಾತ್ರ ಹೇಳ್ಬೇಡ, ಅದು ತಡ್ಕೊಳಲ್ಲ."

ಅವನಿಗೆ ಮಾತು ಕೊಟ್ಟೆ. ಆದರೂ ಶ್ಯಾಮಲಮ್ಮನಿಗೆ ಶಾಲೆಯಿಂದ ಫೋನು ಮಾಡಿದೆ. ಅವರು ಬಂದು ಮತ್ತೆ ಕೇಳಿದಾಗ ಅವನು, "ನಮ್ಮ ಮೇಡಂಗೆ ತಪ್ಪು ಹುಡುಕೋದೇ ಕೆಲ್ಸ ಸಿಸ್ಟರ್, ಸರಿ ಇರೋದಕ್ಕೂ ಕೆಂಪಿಂಕು ಹಾಕ್ತಾಳೆ" ಎಂದು ಹಾರಿಸಿಬಿಟ್ಟ. "ಪೇಷಂಟು ಹೇಳ್ದೆ ನಾನು ಹೆಂಗೆ ಜಾಸ್ತಿ ಮಾಡ್ಲಿ ಮೇಡಂ?" ಎಂದು ಶ್ಯಾಮಲಮ್ಮ ಕೈಚೆಲ್ಲಿದರು. ಟವೆಲ್ಲಿನಲ್ಲಿ ಹಲ್ಲಿನ ಗುರುತುಗಳು ಹೆಚ್ಚಾದವು. ಒಗೆಯುವಾಗ ನನಗೆ ಮಾತ್ರ ಕಾಣುತ್ತವೆ ಎಂದುಕೊಂಡಿದ್ದೆ.

ಧನುರ್ಮಾಸ ಬಂತು, ಅವರೆಕಾಯಿ ಬಂತು. ಆ ಗುರುವಾರ ಶಾಲೆಗೆ ರಜೆ ಹಾಕಿ ಮನೆಯಲ್ಲಿದ್ದೆ. ಹಿಂದಿನ ದಿನದಿಂದ ಮೋಹನ್ ಗಂಟಲಿನಲ್ಲಿ ನೀರೂ ಕಷ್ಟದಿಂದ ಇಳಿಯುತ್ತಿತ್ತು, ಮಾತು ತುಂಡಾಗುತ್ತಿತ್ತು. ಆದರೂ ಶ್ಯಾಮಲಮ್ಮ ಕಾರ್ಡು ಹಿಡಿದಾಗ ಬೆರಳು ನಡುಗುತ್ತಾ ಹೋಗಿ ನಗುವ ಮುಖದ ಮೇಲೇ ಕೂತಿತು. "ನವ್ವು" ಎಂದ. ಯಾವಾಗಲೂ ನಗುತ್ತಿದ್ದ ಅತ್ತೆ ಈ ಸಲ ನಗಲಿಲ್ಲ. ಅವರು ಮಗನ ಪಾದ ನೋಡುತ್ತಿದ್ದರು.

ಶ್ಯಾಮಲಮ್ಮ ಅಂಗಳಕ್ಕೆ ಬಂದು ಚಪ್ಪಲಿ ಮೆಟ್ಟಿಕೊಳ್ಳುವಾಗ ಅತ್ತೆ ಅವರೆಕಾಯಿಯ ಚೀಲ ಹಿಡಿದು ಹಿಂದೆಯೇ ಬಂದರು. ನಾನು ಬಾಗಿಲಲ್ಲಿದ್ದೆ. ಚೀಲವನ್ನು ಸ್ಕೂಟರಿಗೆ ತೂಗುಹಾಕಿ, "ಆ ಬೊಮ್ಮೆಗಳ ರಟ್ಟು ಸ್ವಲ್ಪ ತೆಗೀ ತಲ್ಲಿ" ಎಂದರು. ಮಗಳ ವಯಸ್ಸಿನವರಿಗೆಲ್ಲ ಅತ್ತೆ ತಲ್ಲಿ ಎನ್ನುವುದು, ತಾಯಿ ಎಂಬ ಅರ್ಥದಲ್ಲಿ. ಶ್ಯಾಮಲಮ್ಮ ಅರ್ಥವಾಗದೆ ಕಾರ್ಡು ತೆಗೆದುಕೊಟ್ಟರು. ಅತ್ತೆ ಅದನ್ನು ಬಿಸಿಲಿಗೆ ಹಿಡಿದು ಒಂದೊಂದೇ ಮುಖ ದಾಟಿ, ಬಲತುದಿಯ ಅಳುವ ಮುಖದ ಮೇಲೆ ಬೆರಳಿಟ್ಟರು.

"ನನ್ನ ಮಗನ ನವ್ವು ಇದು."

"ಇದು ನಗು ಅಲ್ಲಮ್ಮಾ, ಅಳೋದು. ನಗೋದು ಈ ಕಡೆ ಐತೆ ನೋಡಿ."

"ಗೊತ್ತಮ್ಮಾ. ನಮ್ಮನೇಲಿ ಇದನ್ನೇ ನವ್ವು ಅನ್ನೋದು."

ಶ್ಯಾಮಲಮ್ಮ ನನ್ನ ಕಡೆ ನೋಡಿದರು. ಅತ್ತೆ ಕಾರ್ಡಿನಿಂದ ಬೆರಳು ತೆಗೆಯಲಿಲ್ಲ.

"ನೋವಾದ್ರೆ ಅವ್ನು ಕಾಲ್ಬೆರಳು ಮಡಚ್ಕೊಂತಾನೆ ತಲ್ಲಿ. ಮೂರು ವರ್ಷದ ಮಗು ಆಗಿದ್ದಾಗ ಚೇಳು ಕಡೀತು, ಆವಾಗ್ಲೂ ಬಾಯಲ್ಲಿ ನಗು, ಕಾಲ್ಬೆರಳು ಮಡಚಿತ್ತು. ನಾನು ಅಲ್ಲಿ ಕೂತ್ಕೊಳೋದೇ ಅದಕ್ಕೆ. ದಿನಾ ನನ್ನ ಕೈಯಾಗೆ ಬಿಡಿಸ್ತೀನಿ, ಮತ್ತೆ ಮಡಚ್ಕೊಂತವೆ. ನನಗೋಸ್ಕರ ನಗ್ತಾನೆ. ಆ ನಗು ನೋಡೋ ಆಸೆಗೆ ನಾನೂ ಬಾಯಿ ಮುಚ್ಕೊಂಡಿದ್ದೆ. ಇವತ್ತು ಬಿಡ್ಸೋಕೆ ಹೋದ್ರೆ ಬರ್ಲಿಲ್ಲ. ಇನ್ನು ನನ್ನ ಕೈಲಾಗಲ್ಲ."

ಅವರ ಕಣ್ಣಲ್ಲಿ ನೀರಿರಲಿಲ್ಲ. ನಾನು ಅಳುತ್ತಿದ್ದೆ, ಅವರ ಬಗ್ಗೆ ನಾನು ಅಂದುಕೊಂಡಿದ್ದಕ್ಕೆಲ್ಲ ಸೇರಿಸಿ. ಶ್ಯಾಮಲಮ್ಮ ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತು ಡಾಕ್ಟರಿಗೆ ಫೋನು ಮಾಡಿದರು, ಆಮೇಲೆ ಒಳಗೆ ಹೋಗಿ ಮೋಹನ್‌ನ ಪಕ್ಕ ಕೂತರು.

"ಸಾರ್, ಮೊದಲ್ನೇ ಸಲ ನಿದ್ದೆ ಬಂದಿದ್ದು ಮಾತ್ರೆ ಮೈಗೆ ಹೊಸದಾಗಿದ್ದಕ್ಕೆ. ಸ್ವಲ್ಪ ದಿನ ಆಗಿದ್ರೆ ಅದು ತಾನಾಗೇ ಹೋಗ್ತಿತ್ತು, ಎಚ್ಚರಾನೂ ಇರ್ತಿದ್ರಿ. ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

ಅವನು ಸೂರು ನೋಡಿದ. ಅಷ್ಟು ದಿನ ಹಲ್ಲು ಕಚ್ಚಿಕೊಂಡು ಸಹಿಸಿದ್ದೆಲ್ಲ ಬೇಕಾಗಿಯೇ ಇರಲಿಲ್ಲ. ಅವನ ಆ ಮುಖವನ್ನು ನಾನು ಮರೆಯಲಾರೆ. ಆಮೇಲೆ ಕಾಲ ಬಳಿ ಬಂದು ಕೂತ ತಾಯಿಯನ್ನು ನೋಡಿ, "ನಿಂಗೆ ಗೊತ್ತಿತ್ತಾ?" ಎಂದ.

"ಬಾಯಿ ಸುಳ್ಳು ಹೇಳಿದ್ರೆ ಕಾಲು ಹೇಳ್ತದಾ?"

ಆಗ ಅತ್ತ. ಸ್ಕ್ಯಾನಿನ ರಿಪೋರ್ಟು ಬಂದಾಗ ಅಳದವನು, ತಾಯಿಯ ಮುಂದೆ ಚಿಕ್ಕ ಹುಡುಗನಂತೆ ಬಿಕ್ಕಿ ಬಿಕ್ಕಿ ಅತ್ತ. ಅತ್ತೆ "ಅಳು ನಾಯ್ನಾ, ಯಾರು ಬೇಡ ಅಂದ್ರು" ಎನ್ನುತ್ತಾ ಅವನ ಕಾಲ್ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಮಾತ್ರೆ ಜಾಸ್ತಿ ಮಾಡಿದ ಮೇಲೆ ಶ್ಯಾಮಲಮ್ಮ ಹೇಳಿದ ಹಾಗೇ ಆಯಿತು. ಮೊದಲು ಮಂಪರು, ಆಮೇಲೆ ಅದು ತಿಳಿಯಾಯಿತು. ನಮಗೆ ಒಂದಿಷ್ಟು ಒಳ್ಳೆಯ ದಿನಗಳು ಸಿಕ್ಕವು. ಎಷ್ಟು ಎಂದು ನಾನು ಲೆಕ್ಕ ಇಡಲಿಲ್ಲ. "ಎಣಿಸ್ತಾ ಕೂತ್ರೆ ಎಣಿಸೋದ್ರಲ್ಲೇ ಮುಗಿದೋಗ್ತವೆ ಕಣೇ" ಎಂದು ಅವನೇ ತಡೆದಿದ್ದ. ಬೆಳಿಗ್ಗೆ ಮಂಚವನ್ನು ಬೇವಿನ ಮರದಡಿ ಬಿಸಿಲಿಗೆ ಹಾಕುತ್ತಿದ್ದೆವು. ನಾವು ಮೂವರೂ ನೆನೆಸಿದ ಅವರೆಕಾಳು ಹಿತುಕುತ್ತಾ ಕೂರುತ್ತಿದ್ದೆವು. ಮೋಹನ್ ಕಾಳನ್ನು ಎರಡು ಬೆರಳ ನಡುವೆ ಒತ್ತಿ ಚಿಮ್ಮಿಸಿ ಅತ್ತೆಯ ಮೂಗಿಗೆ ಗುರಿಯಿಡುತ್ತಿದ್ದ. ತಗುಲಿದರೆ ನಗು. ತಗುಲದೆ ಗಂಗುಲಮ್ಮನ ಹಸುವಿಗೆ ಬಿದ್ದರೆ ಇನ್ನೂ ನಗು. ನಾನೂ ನಕ್ಕೆ. ಯಾರ ಉಪದೇಶಕ್ಕೂ ಅಲ್ಲ, ನಗು ಬಂತು, ನಕ್ಕೆ. ನಕ್ಕಾಗಲೆಲ್ಲ ನನ್ನ ಕಣ್ಣೂ ಅತ್ತೆಯ ಕಣ್ಣೂ ಒಟ್ಟಿಗೆ ಅವನ ಪಾದದ ಕಡೆ ಹೋಗುತ್ತಿದ್ದವು. ಬೆರಳುಗಳು ಬಿಸಿಲಿನಲ್ಲಿ ಬಿಚ್ಚಿಕೊಂಡು ಆರಾಮಾಗಿದ್ದವು. ಅಷ್ಟು ಸುಖವನ್ನು ನಾನು ಮದುವೆಯ ಹೊಸದರಲ್ಲೂ ಕಂಡಿರಲಿಲ್ಲ. ಅದು ಮುಗಿಯುತ್ತದೆ ಎಂದು ಗೊತ್ತಿದ್ದೂ ಕಂಡೆ.

ಹಿತುಕಿದ ಬೇಳೆಯ ಸಾರನ್ನು ಅವನು ಒಂದು ಚಮಚದಷ್ಟು ನಾಲಿಗೆಗೆ ಹಚ್ಚಿಕೊಂಡು, "ಉಪ್ಪು ಕಮ್ಮಿ ಟೀಚರಮ್ಮ, ಹತ್ತಕ್ಕೆ ಏಳು" ಎಂದ. ಅವನು ನನಗೆ ಹಾಕಿದ ಕೊನೆಯ ಮಾರ್ಕು ಅದು.

ರಥಸಪ್ತಮಿಗೆ ಇನ್ನೇನು ಸ್ವಲ್ಪ ದಿನವಿತ್ತು. ಬೆಳಿಗ್ಗೆ ಚಿಂತಾಮಣಿಯ ಮೊದಲ ಬಸ್ಸು ಹಾರನ್ ಹೊಡೆದು ಹೋಯಿತು. ನಾನು ಕಾಫಿಗೆ ನೀರಿಟ್ಟಿದ್ದೆ. ಒಳಗಿನಿಂದ ಅತ್ತೆ ಕರೆದರು, ಜೋರಾಗಿ ಅಲ್ಲ. ಹೋಗಿ ನೋಡಿದರೆ ಅವರು ಎಂದಿನ ಜಾಗದಲ್ಲೇ ಮಗನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅವನು ನಿದ್ದೆಯಲ್ಲೇ ಹೋಗಿದ್ದ. ಕಾಲ್ಬೆರಳುಗಳು ನೆಟ್ಟಗಿದ್ದವು.

"ನವ್ವು ಹೋಯ್ತಮ್ಮಾ" ಎಂದರು ಅತ್ತೆ.

ಯಾವ ಭಾಷೆಯ ನವ್ವು ಎಂದು ನಾನು ಕೇಳಲಿಲ್ಲ.

ಹನ್ನೊಂದನೆಯ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೋದ ಮೇಲೆ ನನ್ನ ಅಣ್ಣ ಕೇಶವ್ ಉಳಿದುಕೊಂಡ. ನನ್ನನ್ನು ನಾಗಮಂಗಲಕ್ಕೆ ಕರೆದುಕೊಂಡು ಹೋಗುವುದು ಅವನ ಮನಸ್ಸು. "ಇಲ್ಲಿ ಯಾರವ್ರೆ ನಿಂಗೆ? ಟ್ರಾನ್ಸ್‌ಫರ್ ಮಾಡ್ಸಣ. ಬಟ್ಟೆ ಜೋಡಿಸ್ಕೊ" ಎಂದು ಹೇಳಿ ಕಾರು ಒರೆಸಲು ಹೋದ. ಅತ್ತೆ ಅದನ್ನು ಕೇಳಿಸಿಕೊಂಡೂ ಕೇಳದವರಂತೆ ಕೊಟ್ಟಿಗೆಯ ಕಡೆ ನಡೆದರು. ಅವರು ನನ್ನನ್ನು ಇರು ಎನ್ನುವವರಲ್ಲ. ಹೋಗು ಎನ್ನಲೂ ಅವರಿಂದ ಆಗುವುದಿಲ್ಲ. ಹಾಗೆ ನೋಡಿದರೆ ನಮ್ಮಿಬ್ಬರ ನಡುವೆ ರಕ್ತವಿಲ್ಲ, ಮೊಮ್ಮಗುವಿಲ್ಲ, ಇದ್ದ ಒಬ್ಬನೂ ಇಲ್ಲ. ಹೋಗಬೇಕೋ ಇರಬೇಕೋ ತಿಳಿಯದೆ ನಾನು ಅಡುಗೆಮನೆಗೆ ಹೋಗಿ ನಿಂತೆ.

ಅಣ್ಣನಿಗೆ ಕಾಫಿ ಮಾಡೋಣವೆಂದು ಡಬ್ಬಿ ತೆಗೆದೆ. ಸಕ್ಕರೆ ಡಬ್ಬಿಯ ಹಿಂದೆ ಒಂದು ಒಣಗಿದ ಅವರೆಕಾಳು ಸಿಕ್ಕಿತು. ಅಂಗಳದಿಂದ ಇಲ್ಲಿಗೆ ಹೇಗೆ ಬಂತೋ. ಯಾರದೋ ಸೆರಗಿನಲ್ಲಿ ಸಿಕ್ಕಿಕೊಂಡು ಬಂದಿರಬೇಕು. ಅತ್ತೆಯ ಮೂಗು, ಹಸು ಬೆಚ್ಚಿ ತಲೆ ಎತ್ತಿದ್ದು, ಧಾರೆಯಲ್ಲಿ ಅವನು ಪುರೋಹಿತರ ಮೇಲೆ ಬಿದ್ದದ್ದು, ಎಲ್ಲ ಒಟ್ಟಿಗೆ ನೆನಪಾಗಿ ನನಗೆ ನಗು ಬಂತು. ಒಬ್ಬಳೇ ನಿಂತು ನಕ್ಕೆ. ನಗುತ್ತಾ ನಗುತ್ತಾ ಅದು ಬೇರೇನೋ ಆಯಿತು, ಒಲೆಕಟ್ಟೆ ಹಿಡಿದುಕೊಂಡೆ. ಅವನು ಹೋದಾಗಿನಿಂದ ನಾನು ಸರಿಯಾಗಿ ಅತ್ತಿರಲಿಲ್ಲ.

ಬೆನ್ನ ಹಿಂದೆ ಬಾಗಿಲಲ್ಲಿ ಅತ್ತೆ ಬಂದು ನಿಂತದ್ದು ಗೊತ್ತಾಯಿತು.

"ಏಮ್ಮಾ, ನವ್ವಾ?"

ನಾನು ತಿರುಗಲಿಲ್ಲ. "ಹ್ಞೂ ಅತ್ತೆ" ಎಂದೆ. "ಹೊಟ್ಟೇಲಿ."

ಅವರು ಒಳಗೆ ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಮೇಲಿನ ಹಲಗೆಯಿಂದ ಓಂಕಾಳಿನ ಡಬ್ಬಿ ಇಳಿಸಿದರು. ಕಾಫಿಗೆ ಇಟ್ಟಿದ್ದ ನೀರಿಗೇ ಒಂದು ಹಿಡಿ ಹಾಕಿದರು. ನೀರು ಕುದಿಯುವವರೆಗೂ ಅವರ ಒಂದು ಕೈ ನನ್ನ ಬೆನ್ನ ಮೇಲಿತ್ತು. ಹೊರಗಿನಿಂದ ಅಣ್ಣ, "ಆಯ್ತೇನಮ್ಮಾ? ಹೊರಡಣ?" ಎಂದು ಕೂಗಿದ.

"ನೀನು ಹೋಗಣ್ಣ" ಎಂದೆ. "ಅತ್ತೆ ಕಷಾಯ ಮಾಡ್ತಾವ್ರೆ."

ಅದೇ ಖಾರ, ಗಂಟಲು ಸುಡುವ ಅದೇ ವಾಸನೆ. ಅತ್ತೆ ಎದುರಿಗೆ ಕೂತು ನಾನು ಕೊನೆಯ ಗುಟುಕು ಕುಡಿಯುವವರೆಗೂ ನೋಡಿದರು. ಪಾತ್ರೆಯಲ್ಲಿ ಇನ್ನೊಂದು ಲೋಟದಷ್ಟು ಮಿಕ್ಕಿತ್ತು. ಅದನ್ನು ಬಗ್ಗಿಸಿ ಅವರ ಕೈಗೆ ಕೊಟ್ಟು, ಈ ಸಲ ನಾನು ಎದುರಿಗೆ ಕೂತು ಕುಡಿಸಿದೆ.